ನರೆದಲೆಗನ ಸೋಲು: ಜೀರಹಳ್ಳಿ ಸೀಮೆಯಿಂದ ಬೊಜ್ಜಿನ ಚರಿತ್ರೆ

ಬೊಜ್ಜನ್ನು ಕುರಿತ ಚರ್ಚೆ ಸಾಮಾನ್ಯವಾಗಿ ಕುರುಕಲು ತಿಂಡಿಯ ಪೊಟ್ಟಣದಿಂದ ಆರಂಭವಾಗಿ ತಿನ್ನುವವರ ಚಾಪಲ್ಯದಲ್ಲಿ ಮುಗಿಯುತ್ತದೆ. ಈರೋಡು ಜಿಲ್ಲೆಯ ತಾಳವಾಡಿ ಬೆಟ್ಟಸೀಮೆಯ ಜೀರಹಳ್ಳಿಯಂಥ ಕನ್ನಡದ ಊರುಗಳಿಂದ ನೋಡಿದರೆ ಈ ವಿವರಣೆ ಸಾಲದು. ಇಲ್ಲಿ ಪೊಟ್ಟಣ ಬಂದದ್ದು ಕೊನೆಗೆ. ಅದಕ್ಕೆ ಜಾಗ ಬಿಟ್ಟುಕೊಟ್ಟ ಬದಲಾವಣೆಗಳು ಗಡಿ, ಪಡಿತರ ಮತ್ತು ಭಾಷೆಯ ಚರಿತ್ರೆಗೆ ಸೇರಿವೆ.

1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ತಾಲ್ಲೂಕು ಮೈಸೂರು ರಾಜ್ಯಕ್ಕೆ ಸೇರಿತು. ತಾಳವಾಡಿ ಮದರಾಸಿನಲ್ಲೇ ಉಳಿಯಿತು. ಗಡಿಯ ಎರಡೂ ಕಡೆ ಮಳೆಯಾಶ್ರಿತ ಹೊಲದ ರಾಗಿ, ಅವರೆ, ಹುರುಳಿಗಳೇ ಊಟದ ಆಧಾರವಾಗಿದ್ದವು. ಈ ಧಾನ್ಯದ ಘನತೆಯನ್ನು ಕನಕದಾಸರು ಹದಿನಾರನೆಯ ಶತಮಾನದಲ್ಲೇ 'ರಾಮಧಾನ್ಯಚರಿತೆ'ಯಲ್ಲಿ ಸ್ಥಾಪಿಸಿದ್ದರು. ಅಲ್ಲಿ ವ್ರೀಹಿಯೂ ನರೆದಲೆಗನೂ ಆರು ತಿಂಗಳ ಸೆರೆ ಅನುಭವಿಸುತ್ತಾರೆ. ಅಕ್ಕಿ ಕೆಡುತ್ತದೆ, ರಾಗಿ ಉಳಿದು ಗೆಲ್ಲುತ್ತದೆ.

ಇಪ್ಪತ್ತನೆಯ ಶತಮಾನದ ಉತ್ತರಾರ್ಧ ಆ ತೀರ್ಪನ್ನು ತಿರುವುಮುರುವು ಮಾಡಿತು. 1967ರಲ್ಲಿ ರೂಪಾಯಿ ಅಕ್ಕಿಯ ಭರವಸೆ ತಮಿಳುನಾಡಿನ ಚುನಾವಣಾ ರಾಜಕಾರಣದ ಕೇಂದ್ರಕ್ಕೆ ಬಂತು. 1982ರಲ್ಲಿ ಪೌಷ್ಟಿಕ ಮಧ್ಯಾಹ್ನದೂಟ ಯೋಜನೆ ಆರಂಭವಾಯಿತು. 2011ರಿಂದ ಪಡಿತರದ ಅಕ್ಕಿ ಉಚಿತವಾಯಿತು. ಹಸಿವನ್ನು ಹಿಮ್ಮೆಟ್ಟಿಸಿದ ಈ ಕ್ರಮಗಳನ್ನು ಹಳಿಯುವುದು ಅನ್ಯಾಯ. ಆದರೂ ಕೊಳ್ಳಬೇಕಿಲ್ಲದ ಅಕ್ಕಿಯ ಎದುರು, ಬೆಳೆದು, ಒಕ್ಕಿ, ಬೀಸಬೇಕಾದ ರಾಗಿ ದುಬಾರಿಯಾಯಿತು. ನೂರು ಗ್ರಾಂ ರಾಗಿಯಲ್ಲಿ ಮುನ್ನೂರು ಮಿಲಿಗ್ರಾಂಗೂ ಮೀರಿದ ಸುಣ್ಣಾಂಶವಿದೆ, ನಾರಿನಂಶವೂ ಹೆಚ್ಚು. ಪಾಲಿಶ್ ಮಾಡಿದ ಅಕ್ಕಿ ಇವೆರಡರಲ್ಲೂ ಬಡವೆ. ಧಾನ್ಯದೊಂದಿಗೆ ಅದನ್ನು ಹಸನು ಮಾಡುವ ಮೈದುಡಿಮೆಯೂ ಕಡಿಮೆಯಾಯಿತು.

ಎಣ್ಣೆಯ ಕಥೆ ಇದಕ್ಕೆ ಸಮಾನಾಂತರ. 1994ರಲ್ಲಿ ಭಾರತ ಪಾಮೋಲಿನ್ ಆಮದನ್ನು ಮುಕ್ತಗೊಳಿಸಿತು. 2007ರ ವಿಶೇಷ ಪಡಿತರ ಯೋಜನೆಯ ಮೂಲಕ ತಮಿಳುನಾಡಿನಲ್ಲಿ ಅದು ನ್ಯಾಯಬೆಲೆ ಅಂಗಡಿಗೂ ಬಂತು. ಅಗ್ಗದ ಎಣ್ಣೆಯಿಂದಲೇ ಕರಿದ ತಿಂಡಿಯ ಚಿಕ್ಕ ಪೊಟ್ಟಣ ಕೂಲಿಯವರ ಕೈಗೆಟಕುವಂತಾಯಿತು.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ತಮಿಳುನಾಡಿನಲ್ಲಿ ಅಧಿಕ ತೂಕ ಅಥವಾ ಬೊಜ್ಜಿರುವ ಮಹಿಳೆಯರ ಪ್ರಮಾಣ 2015-16ರಲ್ಲಿ ಶೇ. 30.9 ಇದ್ದು, 2019-21ರ ವೇಳೆಗೆ ಶೇ. 40.4ಕ್ಕೆ ಏರಿತು. ಕರ್ನಾಟಕದಲ್ಲಿ ಅದು ಶೇ. 23.3ರಿಂದ 30.1ಕ್ಕೆ ಏರಿತು. ಇವು ಇಡೀ ರಾಜ್ಯಗಳ ಅಂಕಿಗಳು. ಬೆಟ್ಟಸೀಮೆಗೆ ನೇರವಾಗಿ ಅನ್ವಯಿಸಲಾಗದು. ದಕ್ಷಿಣದ ಜಿಲ್ಲೆಗಳಲ್ಲಿ ಪಡಿತರಕ್ಕೆ ರಾಗಿಯನ್ನೂ ಸೇರಿಸಿದ ಕರ್ನಾಟಕದಲ್ಲೂ ಏರಿಕೆ ಕಂಡಿರುವುದರಿಂದ, ರಾಗಿಯೊಂದೇ ರಕ್ಷಾಕವಚ ಎನ್ನುವುದು ಭಾವುಕತೆಯಾದೀತು.

ಹಾಗಾದರೆ ಗಡಿಯಾಚೆಗುಳಿದ ಕನ್ನಡಿಗರ ವಿಶೇಷ ಇಕ್ಕಟ್ಟು ಯಾವುದು? ಆಹಾರ ಸುರಕ್ಷತಾ ನಿಯಮಗಳಂತೆ ಪೊಟ್ಟಣದ ಮೇಲಿನ ವಿವರ ಇಂಗ್ಲಿಷ್ ಅಥವಾ ದೇವನಾಗರಿ ಹಿಂದಿಯಲ್ಲಿದ್ದರೆ ಸಾಕು. ಬೇರೆ ಭಾಷೆ ಐಚ್ಛಿಕ. ಆಡಳಿತದ ಭಾಷೆ ತಮಿಳು. ಹೀಗೆ ಮನೆಮಾತಿನಲ್ಲಿ ಮುದ್ದೆ, ಅಂಬಲಿ, ಹುರಿಹಿಟ್ಟುಗಳಿಗೆ ಹೆಸರಿರುವವರು ಕೊಬ್ಬು, ಸಕ್ಕರೆ, ಉಪ್ಪಿನ ಪ್ರಮಾಣವನ್ನು ತಮ್ಮದಲ್ಲದ ಅಕ್ಷರಗಳಲ್ಲಿ ಓದಬೇಕು. ಪೊಟ್ಟಣದ ಆಕರ್ಷಣೆಗೆ ಅನುವಾದ ಬೇಕಿಲ್ಲ, ಎಚ್ಚರಿಕೆಗೆ ಬೇಕು.

2023ರಲ್ಲಿ ತಮಿಳುನಾಡು ನೀಲಗಿರಿ, ಧರ್ಮಪುರಿ ಜಿಲ್ಲೆಗಳಲ್ಲಿ 2 ಕಿಲೋ ಅಕ್ಕಿಯ ಬದಲು ರಾಗಿ ಕೊಡುವ ಪ್ರಯೋಗ ಆರಂಭಿಸಿತು. ಆ ಮೊದಲ ಪಟ್ಟಿಯಲ್ಲಿ ಈರೋಡು ಇರಲಿಲ್ಲ. ರಾಗಿಯ ನೆನಪು ಇನ್ನೂ ಹಸಿಯಾಗಿರುವ ತಾಳವಾಡಿಗೆ ಅಂಥ ಪಡಿತರವೂ, ಅದರ ಜೊತೆಗೆ ಕನ್ನಡದಲ್ಲೇ ಆರೋಗ್ಯದ ಮಾತೂ ತಲುಪಬೇಕು. ಭಾಷಾ ಅಲ್ಪಸಂಖ್ಯಾತರ ಹಕ್ಕುಗಳ ಚರ್ಚೆ ಶಾಲೆ ಮತ್ತು ಕಚೇರಿಗಳನ್ನು ದಾಟಿ ಊಟದ ತಟ್ಟೆಯವರೆಗೆ ಬರಬೇಕಾದುದು ಈ ಕಾರಣಕ್ಕೆ.