ನಿಸ್ತಂತು ಗ್ರಹಣದ ಚರಿತ್ರೆ: ಮರುದನಿಯೂ ಅದರ ಪರಿಹಾರವೂ

ಕನ್ನಡ ನಾಡಿನ ನಿಸ್ತಂತು ಪ್ರಸಾರದ ಚರಿತ್ರೆಯನ್ನು ಹೇಳುವವರು ೧೯೩೫ರಲ್ಲಿ ಮೈಸೂರಿನಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ೩೦ ವಾಟ್ಟಿನ ಯಂತ್ರದಿಂದ ತೊಡಗಿದ ಆಕಾಶವಾಣಿಯನ್ನೂ, ೧೯೫೦ನೆಯ ಜನವರಿ ೮ರಂದು ಪ್ರಾರಂಭವಾದ ಧಾರವಾಡ ನಿಲಯವನ್ನೂ ತಪ್ಪದೆ ಸ್ಮರಿಸುವರು. ನುಡಿಯುವವನ ಕಥೆ ಹೀಗೆ ಉಳಿದಿದೆ. ಕೇಳುವವನ ಕಥೆ ಅಷ್ಟಾಗಿ ಉಳಿದಿಲ್ಲ. ಗೋಕಾಕ ಸೀಮೆಯ ಅಂಕಲಗಿಯಂಥ ಊರಿನಲ್ಲಿ ಇರುಳು ಹೊತ್ತು ಮಧ್ಯಮ ತರಂಗದ ದೂರದ ನಿಲಯವೊಂದಕ್ಕೆ ರೇಡಿಯೋವನ್ನು ತಿರುಗಿಸಿ ಕುಳಿತವನಿಗೆ, ಸ್ಫುಟವಾಗಿದ್ದ ಹಾಡು ಇದ್ದಕ್ಕಿದ್ದಂತೆ ಕ್ಷೀಣಿಸಿ ಕೆಲವು ಕ್ಷಣಗಳಲ್ಲಿ ತಾನಾಗಿಯೇ ಮರಳಿ ಬರುವ ಅನುಭವವು ಹೊಸದಲ್ಲ. ಅದನ್ನು ಯಂತ್ರದ ದೋಷವೆಂದೆಣಿಸುವುದು ಮಾತ್ರ ತಪ್ಪು.

ಪ್ರಸಾರದ ಅಲೆಯು ನೆಲವನ್ನನುಸರಿಸಿಯೂ ಬರುವುದು, ಮೇಲೇರಿ ವಾಯುಮಂಡಲದ ವಿದ್ಯುತ್ಪದರಗಳಿಂದ ಬಾಗಿ ಇಳಿದೂ ಬರುವುದು. ಹಗಲಿನಲ್ಲಿ ಕೆಳಗಣ ಪದರವು ಮೇಲೇರಿದ ಅಲೆಯನ್ನು ಹೀರಿಕೊಳ್ಳುವುದು. ಇರುಳಿನಲ್ಲಿ ಆ ಪದರವು ಅಳಿಯುವುದರಿಂದ ಬೇರೆ ಬೇರೆ ದಾರಿ ಹಿಡಿದ ಅಲೆಗಳು ಒಂದೇ ತಾಣದಲ್ಲಿ ಸಂಧಿಸುವುವು. ಅವು ಒಂದಕ್ಕೊಂದು ಒದಗಿದರೆ ಧ್ವನಿ ಹೆಚ್ಚುವುದು, ಎದುರಾದರೆ ಅಡಗುವುದು. ವಿಜಾಪುರದ ಗೋಲಗುಮ್ಮಟವನ್ನು ಕಂಡವರಿಗೆ ಇದರ ಇನ್ನೊಂದು ಮುಖವನ್ನು ತಿಳಿಸುವುದು ಸುಲಭ. ಅಲ್ಲಿ ಒಂದು ಚಪ್ಪಾಳೆಯು ಹಲವು ಬಾರಿ ಮರುನುಡಿಯುವುದಷ್ಟೆ. ಬಿಡಿಬಿಡಿಯಾಗಿ ನುಡಿದ ಪದವು ತಿಳಿಯುವುದು. ಬೇಗಬೇಗನೆ ನುಡಿದರೆ ಹಿಂದಿನ ಪದದ ಮರುದನಿಯು ಮುಂದಿನ ಪದದ ಮೇಲೆ ಬಿದ್ದು ಎರಡೂ ಕೆಡುವುವು. ಸುದ್ದಿಯನ್ನು ಅಂಕಿಗಳಾಗಿಸಿ ವೇಗವಾಗಿ ಕಳುಹುವ ನಿಸ್ತಂತುವಿಗೆ ಒದಗಿದ ಸಂಕಟವೂ ಇದೇ.

ಮೊದಲನೆಯ ಪರಿಹಾರವು ಸರಳವಾದುದು. ಒಂದು ತಾಣದಲ್ಲಿ ಅಲೆ ಅಡಗಿದ ಗಳಿಗೆಯಲ್ಲಿಯೇ ತುಸು ದೂರದ ಮತ್ತೊಂದು ತಾಣದಲ್ಲಿ ಅದು ಬಲವಾಗಿರಬಹುದು. ಅಮೆರಿಕೆಯ ಲಾಂಗ್ ಐಲೆಂಡಿನ ರಿವರ್‌ಹೆಡ್ಡಿನಲ್ಲಿ ಮೂರು ಆಂಟೆನಾಗಳನ್ನು ದೂರ ದೂರ ನಿಲ್ಲಿಸಿ ಅವುಗಳ ಗ್ರಹಣವನ್ನು ಕೂಡಿಸುವ ಕ್ರಮವನ್ನು ಬೆವರೇಜ್ ಮತ್ತು ಪೀಟರ್ಸನ್ ಎಂಬವರು ೧೯೩೧ರಲ್ಲಿ ವರ್ಣಿಸಿದರು. ಆದರೆ ಆಂಟೆನಾಗಳು ಮೂರಾದರೂ ಸುದ್ದಿ ಒಂದೇ ಎಂಬುದನ್ನು ಇಲ್ಲಿ ನೆನಪಿಡತಕ್ಕದ್ದು.

ಎರಡನೆಯ ಪರಿಹಾರವು, ವಿಚಿತ್ರವೆಂದರೆ, ನಿಸ್ತಂತುವಿನಿಂದಲ್ಲ, ದೂರವಾಣಿಯ ತಂತಿಯಿಂದ ಬಂದಿತು. ತಂತಿಯಲ್ಲಿಯೂ ಒಂದು ಸಂಕೇತದ ಬಾಲವು ಮುಂದಿನದನ್ನು ತುಳಿಯುತ್ತಿದ್ದಿತು. ಬೆಲ್ ಪ್ರಯೋಗಶಾಲೆಯ ರಾಬರ್ಟ್ ಲಕಿಯವರು ೧೯೬೫ರಲ್ಲಿ ತನ್ನನ್ನು ತಾನೇ ತಿದ್ದಿಕೊಳ್ಳುವ ಸಮಕಾರಿಯನ್ನು ಪ್ರಕಟಿಸಿದರು. ಬಂದ ಅಲೆಯ ತಡೆತಡೆದ ಪ್ರತಿಗಳನ್ನು ತೆಗೆದು, ಒಂದೊಂದನ್ನು ಒಂದೊಂದು ತೂಕದಿಂದ ಗುಣಿಸಿ ಕೂಡಿಸುವುದು. ಫಲವನ್ನು ಬರಬೇಕಾಗಿದ್ದ ಸಂಕೇತದೊಡನೆ ಹೋಲಿಸುವುದು. ಉಳಿದ ತಪ್ಪನ್ನನುಸರಿಸಿ ತೂಕಗಳನ್ನು ತುಸುತುಸುವೇ ಬದಲಿಸುವುದು. ತಂಬೂರಿಯ ಬಿರಡೆಯನ್ನು ತಿರುಗಿಸುತ್ತ ಕಿವಿಗೊಟ್ಟು ಶ್ರುತಿಗೂಡಿಸುವ ವೈಣಿಕನ ರೀತಿಯೇ ಇದು. ಭೇದವೆಂದರೆ ಇಲ್ಲಿ ತಂತಿಯ ಬಿಗಿ ಗಳಿಗೆಗಳಿಗೆಗೂ ಸಡಿಲುತ್ತಿರುವುದು. ತೂಕವನ್ನು ತಿದ್ದುವ ಅತಿ ಸುಲಭವಾದ ವಿಧಿಯನ್ನು ವಿಡ್ರೋ ಮತ್ತು ಹಾಫ್ ಎಂಬವರು ೧೯೬೦ರಲ್ಲಿಯೇ ಕೊಟ್ಟಿದ್ದರು. ಬರಬೇಕಾದ ಸಂಕೇತವನ್ನು ಮುಂಗಡವಾಗಿ ತಿಳಿಯದೆಯೂ ತಿದ್ದುವ ಉಪಾಯವೊಂದನ್ನು ಗೊದಾರ್ ಎಂಬವರು ೧೯೮೦ರಲ್ಲಿ ತೋರಿಸಿದರು.

ಈ ಎರಡು ಧಾರೆಗಳೂ ೧೯೭೦ರ ದಶಕದಲ್ಲಿ ಪೀಟರ್ ಮಾನ್ಸೆನ್ನರ ಬರಹಗಳಲ್ಲಿ ಕೂಡಿದುವು. ಒಂದೊಂದು ಆಂಟೆನಾಕ್ಕೂ ಒಂದೊಂದು ತೂಕಗಳ ಸಾಲು, ಎಲ್ಲಕ್ಕೂ ಸೇರಿ ಒಂದೇ ತಪ್ಪಿನ ಲೆಕ್ಕ. ಹೀಗೆ ಮಾಡಿದಾಗ ತಡವಾಗಿ ಬಂದ ಅಲೆಯು ಬರಿಯ ಕಂಟಕವಾಗಿ ಉಳಿಯದೆ, ಸುದ್ದಿಯ ಇನ್ನೊಂದು ಪ್ರತಿಯಾಗಿ ಉಪಕರಿಸುವುದು. ಮುಂದಿನ ಕಾಲದ ಕಲ್ಪನೆಯ ಬೀಜವು ಇಲ್ಲಿಯೇ ಇದ್ದಿತೆಂದು ತೋರುವುದು.

ಆ ಬೀಜವನ್ನು ಬೆಳೆಸಿದವರು ಆರೋಗ್ಯಸ್ವಾಮಿ ಪೌಲ್‌ರಾಜ್ ಅವರು. ಭಾರತೀಯ ನೌಕಾದಳದ ಅಧಿಕಾರಿಯಾಗಿ ಕೊಚ್ಚಿಯಲ್ಲಿ ಸಮುದ್ರದೊಳಗಣ ಧ್ವನಿಶೋಧಕ ಯಂತ್ರವನ್ನು ನಿರ್ಮಿಸಿದ ಬಳಿಕ ಅವರು ೧೯೮೬ರಲ್ಲಿ ಬೆಂಗಳೂರಿನಲ್ಲಿ ಕೃತಕ ಬುದ್ಧಿಮತ್ತೆ ಮತ್ತು ರೋಬೋಟಿಕ್ಸ್ ಕೇಂದ್ರವನ್ನು ಸ್ಥಾಪಿಸಿದರು. ೧೯೯೧ರಲ್ಲಿ ಸ್ಟ್ಯಾನ್‌ಫರ್ಡಿಗೆ ತೆರಳಿದರು. ಮರುವರ್ಷ ಥಾಮಸ್ ಕೈಲಾಥರೊಡನೆ ಸಲ್ಲಿಸಿದ ಸ್ವಾಮ್ಯಪತ್ರವು ೧೯೯೪ರಲ್ಲಿ ಮಂಜೂರಾಯಿತು. ಬೇರೆ ಬೇರೆ ಆಂಟೆನಾಗಳಿಂದ ಬೇರೆ ಬೇರೆ ಸುದ್ದಿಗಳನ್ನು ಒಂದೇ ತರಂಗಪಟ್ಟಿಯಲ್ಲಿ ಕಳುಹಿ, ಗ್ರಹಣದ ಕಡೆಯ ಆಂಟೆನಾಗಳ ನೆರವಿನಿಂದ ಅವನ್ನು ಬೇರ್ಪಡಿಸಬಹುದೆಂಬುದು ಅದರ ತಾತ್ಪರ್ಯ. ಕೆಲವರು ಈ ಶೋಧವನ್ನು ಬೆಲ್ ಪ್ರಯೋಗಶಾಲೆಯ ಫೋಷಿನಿಯವರ ೧೯೯೬ರ ಲೇಖನದಿಂದಲೇ ಎಣಿಸುವರು. ಆ ಲೇಖನದ ಮಹತ್ತ್ವವು ಕಡಮೆಯದಲ್ಲ. ತಿಥಿಯ ಲೆಕ್ಕದಲ್ಲಿ ಮಾತ್ರ ಅದು ಹಿಂದೆ ನಿಲ್ಲುವುದು. ಅನೇಕ ಗ್ರಾಹಕಗಳ ಸಾಲಿನಿಂದ ಕಲಸಿದ ಧ್ವನಿಗಳನ್ನು ಬಿಡಿಸುವುದು ಧ್ವನಿಶೋಧಕದ ಕೆಲಸವೇ ಆದುದರಿಂದ, ಪೌಲ್‌ರಾಜ್‌ರ ಕಲ್ಪನೆಗೆ ಅವರ ಭಾರತದ ವರ್ಷಗಳನ್ನು ಹೊರತಾಗಿಸಿ ನೋಡುವುದು ನ್ಯಾಯವಲ್ಲ. ೨೦೧೪ರಲ್ಲಿ ಅವರಿಗೆ ಮಾರ್ಕೋನಿ ಪ್ರಶಸ್ತಿ ಸಂದಿತು.

ಹೊಸ ಕ್ರಮವು ಸಮಕಾರಿಯ ಹೊರೆಯನ್ನು ಹೆಚ್ಚಿಸಿತು. ಹಿಂದೆ ಒಂದು ಸುದ್ದಿಯ ಮರುದನಿಯನ್ನು ತೊಡೆದರೆ ಸಾಕಾಗಿದ್ದಿತು. ಈಗ ಒಂದು ಸುದ್ದಿಯನ್ನು ಮತ್ತೊಂದರಿಂದಲೂ ಬಿಡಿಸಬೇಕು. ಹತ್ತು ಆಂಟೆನಾಗಳು ಒಂದೊಂದೂ ನಾಲ್ಕು ಸಂಕೇತಗಳಲ್ಲಿ ಒಂದನ್ನು ಕಳುಹಿದರೆ, ನೋಡಬೇಕಾದ ಸಾಧ್ಯತೆಗಳು ೧೦,೪೮,೫೭೬. ಆಂಟೆನಾಗಳು ನೂರಾದಾಗ ಎಲ್ಲವನ್ನೂ ಎಣಿಸಿ ನೋಡುವ ಮಾತೇ ಇಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ. ಚೊಕ್ಕಲಿಂಗಂ ಅವರೂ ಸಹೋದ್ಯೋಗಿಗಳೂ ಕೈಹಾಕಿದುದು ಈ ತೊಡಕಿಗೆ. ಒಂದು ಊಹೆಯಿಂದ ಹೊರಟು, ಅದರ ನೆರೆಯ ಊಹೆಗಳಲ್ಲಿ ಮೇಲಾದುದಕ್ಕೆ ಸರಿಯುತ್ತ, ಅಲ್ಪ ಗಣನೆಯಿಂದಲೇ ಉತ್ತರವನ್ನು ಸಮೀಪಿಸುವ ಬಗೆಯನ್ನು ಅವರು ತೋರಿಸಿದರು. ಚೊಕ್ಕಲಿಂಗಂ ಮತ್ತು ಬಿ. ಸುಂದರರಾಜನ್ ಅವರು ಈ ವಿಷಯವನ್ನು ಕುರಿತು ಬರೆದ ಗ್ರಂಥವನ್ನು ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಮುದ್ರಣಾಲಯವು ೨೦೧೪ರಲ್ಲಿ ಪ್ರಕಟಿಸಿತು.