ಲಾಗ್‌ಔಟ್: ಮರೆತುಹೋದ ಅಭ್ಯಾಸವೊಂದರ ಚರಿತ್ರೆ

ಮನೆಗೆ ಬೀಗ ಹಾಕದೆ ಪರವೂರಿಗೆ ಹೊರಡುವವರು ನಮ್ಮಲ್ಲಿ ವಿರಳ. ಬ್ಯಾಂಕಿನ ಪಾಸ್‌ಬುಕ್ಕನ್ನು ಅಂಗಡಿಯ ಕಟ್ಟೆಯ ಮೇಲೆ ಬಿಟ್ಟು ಬರುವವರೂ ಕಡಿಮೆ. ಆದರೆ ಫೇಸ್‌ಬುಕ್, ಇನ್‌ಸ್ಟಾಗ್ರಾಂಗಳ ವಿಷಯ ಬಂದಾಗ ಹೆಚ್ಚಿನವರು ವರ್ಷಗಟ್ಟಲೆ ಬಾಗಿಲು ತೆರೆದೇ ಇಡುತ್ತಾರೆ. ಫೋನು ರಿಪೇರಿಗೆ ಹೋಗುತ್ತದೆ, ಮಕ್ಕಳ ಕೈ ಸೇರುತ್ತದೆ, ಹಳತಾದಾಗ ಮಾರಾಟವಾಗುತ್ತದೆ. ಖಾತೆ ಮಾತ್ರ ಅದರೊಳಗೆ ತೆರೆದುಕೊಂಡೇ ಇರುತ್ತದೆ. ಒಳಹೊಕ್ಕವರು ಹೊರಬರುವುದನ್ನು ಮರೆತದ್ದು ಹೇಗೆ? ಇದನ್ನು ಅರಿಯಲು ನಾವು ಅರವತ್ತು ವರ್ಷಗಳಷ್ಟು ಹಿಂದಕ್ಕೆ ಹೋಗಬೇಕು.

ಯಂತ್ರ ಒಂದು, ಬಳಸುವವರು ಹಲವರು

1961ರ ನವೆಂಬರ್‌ನಲ್ಲಿ ಅಮೆರಿಕದ ಎಂಐಟಿ ಸಂಸ್ಥೆಯಲ್ಲಿ ಫರ್ನಾಂಡೊ ಕೊರ್ಬಾಟೊ ಮತ್ತು ಸಂಗಡಿಗರು ಸಿಟಿಎಸ್‌ಎಸ್ ಎಂಬ ವ್ಯವಸ್ಥೆಯನ್ನು ಪ್ರದರ್ಶಿಸಿದರು. ಒಂದೇ ಕಂಪ್ಯೂಟರನ್ನು ಹಲವರು ಏಕಕಾಲಕ್ಕೆ ಬಳಸುವ ಏರ್ಪಾಡು ಅದು. ಅಂದಿನ ಕಂಪ್ಯೂಟರ್ ಅಂದರೆ ಒಂದು ಕೋಣೆಯನ್ನೇ ತುಂಬುವ ದುಬಾರಿ ಯಂತ್ರ. ಪ್ರತಿಯೊಬ್ಬ ಬಳಕೆದಾರನಿಗೂ ಪ್ರತ್ಯೇಕ ಕಡತಗಳಿದ್ದವು, ಪಾಲಿಗೆ ಬಂದ ಇಂತಿಷ್ಟೇ ಸಮಯವಿತ್ತು. ಒಬ್ಬರ ಪಾಲನ್ನು ಇನ್ನೊಬ್ಬರು ಬಳಸದಿರಲೆಂದು ಪಾಸ್‌ವರ್ಡ್ ಬಂತು. ಕೆಲಸ ಮುಗಿದಾಗ ಲಾಗ್‌ಔಟ್ ಆಜ್ಞೆ ಕೊಟ್ಟರೆ, ಎಷ್ಟು ಸಮಯ ಖರ್ಚಾಯಿತೆಂಬ ಲೆಕ್ಕವನ್ನು ಯಂತ್ರ ಒಪ್ಪಿಸುತ್ತಿತ್ತು. ಅಂದರೆ ಲಾಗ್‌ಔಟ್ ಹುಟ್ಟಿದ್ದು ಲೆಕ್ಕ ಮುಗಿಸಿ ಮುಂದಿನವರಿಗೆ ಜಾಗ ಬಿಡುವ ಶಿಸ್ತಾಗಿ.

ಆ ಪಾಸ್‌ವರ್ಡ್‌ಗಳು ಭದ್ರವಾಗೇನೂ ಇರಲಿಲ್ಲ. ತನಗೆ ಸಿಕ್ಕ ವಾರಕ್ಕೆ ನಾಲ್ಕು ಗಂಟೆ ಸಾಲದೆಂದು ಅಲನ್ ಶೆರ್ ಎಂಬ ಸಂಶೋಧಕ 1962ರಲ್ಲಿ ಎಲ್ಲರ ಪಾಸ್‌ವರ್ಡ್‌ಗಳಿದ್ದ ಕಡತವನ್ನೇ ಮುದ್ರಿಸಿಕೊಂಡ. 1966ರಲ್ಲಿ ಎರಡು ಕಡತಗಳು ಅದಲುಬದಲಾಗಿ, ಲಾಗಿನ್ ಆದವರಿಗೆಲ್ಲ ದಿನದ ಸಂದೇಶದ ಬದಲು ಪಾಸ್‌ವರ್ಡ್‌ಗಳ ಪಟ್ಟಿಯೇ ಕಾಣಿಸಿಕೊಂಡಿತು!

ಚಪ್ಪಲಿ ಕಾಯುವವನ ಟೋಕನ್

ಅಂತರ್ಜಾಲ ಬಂದಾಗ ಇನ್ನೊಂದು ಸಮಸ್ಯೆ ಎದುರಾಯಿತು. ಜಾಲತಾಣದ ಸರ್ವರ್‌ಗೆ ನೆನಪಿನ ಶಕ್ತಿ ಇರಲಿಲ್ಲ. ಒಂದು ಪುಟ ಕೇಳಿದವರೇ ಮರುಕ್ಷಣ ಇನ್ನೊಂದು ಪುಟ ಕೇಳಿದರೂ ಅದಕ್ಕೆ ಅವರು ಅಪರಿಚಿತರೇ. 1994ರಲ್ಲಿ ನೆಟ್‌ಸ್ಕೇಪ್ ಕಂಪೆನಿಯ ಲೂ ಮೊಂಟುಲಿ ಇದಕ್ಕೆ ಕುಕೀ ಎಂಬ ಉಪಾಯ ಕಂಡುಹಿಡಿದರು. ಉರೂಸು, ಜಾತ್ರೆಗಳಲ್ಲಿ ಚಪ್ಪಲಿ ಕಾಯುವವನು ಕೊಡುವ ಟೋಕನ್ನನ್ನು ನೆನಪಿಸಿಕೊಳ್ಳಿ. ಅವನು ಮುಖ ನೋಡುವುದಿಲ್ಲ, ಟೋಕನ್ ತಂದವರಿಗೆ ಚಪ್ಪಲಿ ಕೊಡುತ್ತಾನೆ. ಕುಕೀ ಕೂಡ ಹಾಗೆಯೇ. ಪಾಸ್‌ವರ್ಡ್ ಕೇಳುವುದು ಒಮ್ಮೆ ಮಾತ್ರ, ಆಮೇಲೆ ಎಲ್ಲವೂ ಟೋಕನ್ನಿನ ಬಲದಲ್ಲೇ ನಡೆಯುತ್ತದೆ. ಟೋಕನ್ ಬೇರೆಯವರ ಕೈಗೆ ಬಿದ್ದರೆ ಪಾಸ್‌ವರ್ಡ್ ಎಷ್ಟು ಕಠಿಣವಾಗಿದ್ದರೂ ಉಪಯೋಗವಿಲ್ಲ. ಲಾಗ್‌ಔಟ್‌ಗೆ ಹೊಸ ಅರ್ಥ ಬಂದದ್ದು ಇಲ್ಲಿಂದ. ಕಾಯುವವನ ಪುಸ್ತಕದಲ್ಲಿ ಆ ಟೋಕನ್ನಿನ ಸಂಖ್ಯೆಯನ್ನು ಹೊಡೆದು ಹಾಕಿಸುವುದೇ ನಿಜವಾದ ಲಾಗ್‌ಔಟ್.

ಇದರ ಅಪಾಯವನ್ನು ಜಗತ್ತಿಗೆ ತೋರಿಸಿದ್ದು 2010ರ ಅಕ್ಟೋಬರ್‌ನಲ್ಲಿ ಎರಿಕ್ ಬಟ್ಲರ್ ಹೊರತಂದ ಫೈರ್‌ಶೀಪ್ ಎಂಬ ತಂತ್ರಾಂಶ. ಸಾರ್ವಜನಿಕ ವೈಫೈಯಲ್ಲಿ ಪಕ್ಕದವರ ಟೋಕನ್ನನ್ನು ಎಗರಿಸಿ ಅವರ ಖಾತೆಯೊಳಗೆ ನುಗ್ಗುವುದು ಎಷ್ಟು ಸುಲಭವೆಂಬುದನ್ನು ಅದು ಬಯಲು ಮಾಡಿತು. ಜಾಲತಾಣಗಳು ಸಂಪರ್ಕವನ್ನು ಗೂಢಲಿಪಿಗೆ ಬದಲಾಯಿಸುವಂತೆ ಒತ್ತಾಯಿಸುವುದೇ ಬಟ್ಲರ್ ಉದ್ದೇಶವಾಗಿತ್ತು. 2011ರ ಜನವರಿಯಲ್ಲಿ ಫೇಸ್‌ಬುಕ್ ಆ ಸೌಲಭ್ಯ ಕೊಟ್ಟಿತು. ಎಲ್ಲರಿಗೂ ಅದು ತಾನಾಗಿ ಸಿಕ್ಕಿದ್ದು 2013ರಲ್ಲಿ.

ಲಾಗ್‌ಔಟ್ ಆದ ಮೇಲೂ ಬೆನ್ನು ಬಿಡದ ಕುಕೀಗಳ ಕತೆಯೂ ಇದೆ. ಹೊರಬಂದ ನಂತರವೂ ಫೇಸ್‌ಬುಕ್‌ನ ಕೆಲವು ಕುಕೀಗಳು ಬಳಕೆದಾರರನ್ನು ಗುರುತಿಸುತ್ತವೆಂದು 2011ರ ಸೆಪ್ಟೆಂಬರ್‌ನಲ್ಲಿ ನಿಕ್ ಕುಬ್ರಿಲೊವಿಕ್ ಬರೆದರು. ಈ ಕುರಿತು ಅಮೆರಿಕದಲ್ಲಿ ಹೂಡಲಾದ ಮೊಕದ್ದಮೆ 2022ರಲ್ಲಿ ಒಂಬತ್ತು ಕೋಟಿ ಡಾಲರ್‌ಗಳ ರಾಜಿಯಲ್ಲಿ ಮುಗಿಯಿತು.

ಸೈಬರ್ ಕೆಫೆಯ ಪಾಠ

ನಮ್ಮಲ್ಲಿ ಲಾಗ್‌ಔಟ್ ಎಂಬ ಪದವನ್ನು ಜನರಿಗೆ ಕಲಿಸಿದ್ದು ಸೈಬರ್ ಕೆಫೆಗಳು. 2004ರಲ್ಲಿ ಆರ್ಕುಟ್ ಬಂದಾಗ ನಗರಗಳ ಯುವಕರು ಗಂಟೆಗಿಷ್ಟು ಎಂದು ತೆತ್ತು ಕೆಫೆಗಳಲ್ಲಿ ಕೂರುತ್ತಿದ್ದರು. ಎದ್ದು ಹೋದ ಕುರ್ಚಿಯಲ್ಲಿ ಮರುನಿಮಿಷ ಅಪರಿಚಿತರು ಬಂದು ಕೂರುತ್ತಾರೆಂಬ ಅರಿವೇ ಎಚ್ಚರಿಕೆ ಕಲಿಸುತ್ತಿತ್ತು. 2011ರ ಸರಕಾರಿ ನಿಯಮಗಳು ಕೆಫೆಗಳಲ್ಲಿ ಗುರುತಿನ ಚೀಟಿ ತೋರಿಸುವುದನ್ನೂ ದಾಖಲೆ ಇಡುವುದನ್ನೂ ಕಡ್ಡಾಯಗೊಳಿಸಿದವು.

ಆಮೇಲೆ ಸ್ಮಾರ್ಟ್‌ಫೋನು ಬಂತು. 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಸೇವೆ ಶುರುವಾದ ಬಳಿಕ ಡೇಟಾ ಅಗ್ಗವಾಗಿ ಅಂತರ್ಜಾಲ ಹಳ್ಳಿಗಳಿಗೂ ತಲುಪಿತು. ಹೀಗೆ ಬಂದ ಅಸಂಖ್ಯ ಜನರಿಗೆ ಫೋನೇ ಮೊದಲ ಕಂಪ್ಯೂಟರ್. ಅವರು ಕೆಫೆಯ ಕುರ್ಚಿಯಲ್ಲಿ ಕೂತವರಲ್ಲ, ಹಾಗಾಗಿ ಆ ಪಾಠ ಅವರಿಗೆ ಸಿಗಲಿಲ್ಲ. ಆ್ಯಪ್‌ಗಳೂ ಲಾಗ್‌ಔಟ್ ಗುಂಡಿಯನ್ನು ಒಳಗೆಲ್ಲೋ ಅಡಗಿಸಿಟ್ಟವು. ಬಳಕೆದಾರ ಸದಾ ಒಳಗಿರುವುದರಲ್ಲೇ ಕಂಪೆನಿಗಳಿಗೆ ಲಾಭವಿದೆಯಲ್ಲವೇ? ಫೋನು ಒಬ್ಬರದೇ ಎಂಬ ನಂಬಿಕೆಯೂ ಇದಕ್ಕೆ ಜೊತೆಯಾಯಿತು. ಆದರೆ ನಮ್ಮ ಎಷ್ಟೋ ಮನೆಗಳಲ್ಲಿ ಒಂದೇ ಫೋನು ತಾಯಿ, ಮಗಳು, ಮಗ ಎಲ್ಲರ ಕೈಯಲ್ಲೂ ಓಡಾಡುತ್ತದೆ. ಅಲ್ಲಿ ಫೋನೇ ಒಂದು ಪುಟ್ಟ ಸೈಬರ್ ಕೆಫೆ.

2018ರ ಸೆಪ್ಟೆಂಬರ್ 28ರಂದು ಫೇಸ್‌ಬುಕ್ ಒಂದು ದೋಷವನ್ನು ಪ್ರಕಟಿಸಿತು. ಕಳ್ಳರ ಕೈ ಸೇರಿದ್ದು ಪಾಸ್‌ವರ್ಡ್‌ಗಳಲ್ಲ, ಟೋಕನ್‌ಗಳು. ಕಂಪೆನಿ ತಾನೇ ಮುಂದಾಗಿ ಸುಮಾರು ಒಂಬತ್ತು ಕೋಟಿ ಜನರನ್ನು ಹೊರಹಾಕಿ ಮತ್ತೆ ಲಾಗಿನ್ ಆಗುವಂತೆ ಮಾಡಿತು. ಸುಮಾರು ಮೂರು ಕೋಟಿ ಜನರ ಟೋಕನ್ ಕಳವಾಗಿದ್ದು ಬಳಿಕ ಖಚಿತವಾಯಿತು. ಸದಾ ಒಳಗಿರಿ ಎಂದ ಕಂಪೆನಿಗೂ ಆಪತ್ತಿನಲ್ಲಿ ಹೊಳೆದ ಮದ್ದು ಲಾಗ್‌ಔಟೇ.

ಹೊರಬರುವುದು ಹೇಗೆ?

ಪರದೆಯಿಂದ ಆ್ಯಪನ್ನು ಸರಿಸುವುದು ಲಾಗ್‌ಔಟ್ ಅಲ್ಲ. ಆ್ಯಪನ್ನು ಅಳಿಸಿದರೂ ಸರ್ವರ್‌ನ ಪುಸ್ತಕದಲ್ಲಿ ಟೋಕನ್ ಜೀವಂತವಿರಬಹುದು. ಆದ್ದರಿಂದ ಆ್ಯಪ್‌ನ ಸೆಟ್ಟಿಂಗ್ಸ್‌ಗೆ ಹೋಗಿ ಲಾಗ್‌ಔಟ್ ಒತ್ತಬೇಕು. ಲಾಗಿನ್ ವಿವರ ಉಳಿಸಿಕೊಳ್ಳಲೇ ಎಂದು ಅದು ಕೇಳಿದರೆ ಬೇಡವೆನ್ನಬೇಕು. ಫೋನು ಬೇರೆಯವರದಾಗಿದ್ದರೆ ಬ್ರೌಸರಿನಲ್ಲಿ ಉಳಿದಿರುವ ಪಾಸ್‌ವರ್ಡನ್ನೂ ಅಳಿಸಬೇಕು. ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಗೂಗಲ್, ಟೆಲಿಗ್ರಾಂಗಳಲ್ಲಿ ಖಾತೆ ಎಲ್ಲೆಲ್ಲಿ ತೆರೆದಿದೆಯೆಂಬ ಪಟ್ಟಿ ಸಿಗುತ್ತದೆ. ಪರಿಚಯವಿಲ್ಲದ ಸಾಧನಗಳನ್ನು ಅಲ್ಲಿಂದಲೇ ಹೊರಹಾಕಬಹುದು, ಕಳೆದುಹೋದ ಫೋನನ್ನು ಕೂಡ. ವಾಟ್ಸ್‌ಆ್ಯಪ್‌ನಲ್ಲಿ ಲಿಂಕ್ಡ್ ಡಿವೈಸಸ್ ನೋಡಬೇಕು. ನಮಗರಿವಿಲ್ಲದೆ ಇನ್ನೊಂದು ಕಂಪ್ಯೂಟರಿನಲ್ಲಿ ನಮ್ಮ ಸಂದೇಶಗಳನ್ನು ಓದುವವರಿದ್ದರೆ ಅಲ್ಲಿ ಕಾಣಸಿಗುತ್ತಾರೆ. ಅನುಮಾನವಿದ್ದರೆ ಪಾಸ್‌ವರ್ಡ್ ಬದಲಿಸಿ, ಉಳಿದೆಲ್ಲ ಕಡೆಗಳಿಂದ ಲಾಗ್‌ಔಟ್ ಮಾಡುವ ಆಯ್ಕೆಯನ್ನೂ ಒತ್ತಬೇಕು. ಫೋನು ಮಾರುವ ಮುನ್ನ ಎಲ್ಲ ಖಾತೆಗಳಿಂದ ಹೊರಬಂದು ಫ್ಯಾಕ್ಟರಿ ರಿಸೆಟ್ ಮಾಡಬೇಕು. ಹಳೆಯ ಸಿಮ್ ಬಿಡುವ ಮೊದಲು ಎಲ್ಲ ಖಾತೆಗಳಲ್ಲಿ ಹೊಸ ನಂಬರ್ ಕೊಡಬೇಕು, ಏಕೆಂದರೆ ಸ್ಥಗಿತಗೊಂಡ ನಂಬರನ್ನು 90 ದಿನಗಳ ಬಳಿಕ ಬೇರೆಯವರಿಗೆ ಕೊಡಬಹುದು. ಆಗ ನಿಮ್ಮ ಓಟಿಪಿ ಅವರಿಗೆ ಹೋಗುತ್ತದೆ.

ಇಷ್ಟೆಲ್ಲ ಯಾಕೆ ಎನ್ನುವವರಿರಬಹುದು. ತೆರೆದಿಟ್ಟ ಖಾತೆಯಿಂದ ಯಾರೋ ಹಾಕಿದ ಬರಹಕ್ಕೆ ಮೊದಲು ಉತ್ತರಿಸಬೇಕಾದವರು ಖಾತೆಯ ಒಡೆಯರೇ. ಒಂದು ಪೋಸ್ಟಿನ ಭಾರ ಎಷ್ಟೆಂಬುದನ್ನು ಬೆಂಗಳೂರು ಕಂಡಿದೆ. 2020ರ ಆಗಸ್ಟ್ 11ರ ರಾತ್ರಿ ಫೇಸ್‌ಬುಕ್ ಬರಹವೊಂದರ ಹಿನ್ನೆಲೆಯಲ್ಲಿ ಡಿ.ಜೆ. ಹಳ್ಳಿ, ಕೆ.ಜಿ. ಹಳ್ಳಿಗಳು ಹೊತ್ತಿ ಉರಿದವು, ಪೊಲೀಸ್ ಗೋಲಿಬಾರಿಗೆ ಮೂವರು ಬಲಿಯಾದರು. ಇನ್ನೊಬ್ಬರ ಪಾಸ್‌ವರ್ಡನ್ನು ವಂಚನೆಯಿಂದ ಬಳಸುವುದು ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಸಿ ಕಲಮಿನಡಿ ಮೂರು ವರ್ಷಗಳವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದಾದ ಅಪರಾಧ. ಆದರೆ ಬರೆದದ್ದು ನಾನಲ್ಲವೆಂದು ಸಾಬೀತಾಗುವಷ್ಟರಲ್ಲಿ ಊರಿನ ನೆಮ್ಮದಿಯೂ ಮನುಷ್ಯನ ಮರ್ಯಾದೆಯೂ ಹೋಗಿರುತ್ತವೆ. ಮನೆಯ ಹೆಣ್ಣುಮಕ್ಕಳ ಫೋಟೊ, ಮಾತುಕತೆಗಳು ಹಳೆಯ ಫೋನಿನೊಂದಿಗೆ ಅಪರಿಚಿತರ ಕೈ ಸೇರಿದರೆ ಆಗುವ ಹಾನಿಯನ್ನು ಯಾವ ದಂಡ ತುಂಬಿಕೊಡುತ್ತದೆ?

2025ರ ನವೆಂಬರ್ 28ರಂದು ಕೇಂದ್ರದ ದೂರಸಂಪರ್ಕ ಇಲಾಖೆ, ಸಂದೇಶದ ಆ್ಯಪ್‌ಗಳ ವೆಬ್ ಆವೃತ್ತಿಗಳು ಆರು ಗಂಟೆಗಳೊಳಗೆ ತಾವಾಗಿ ಲಾಗ್‌ಔಟ್ ಆಗಬೇಕೆಂದು ಸೂಚಿಸಿತು. ಅಭ್ಯಾಸ ತಪ್ಪಿದಲ್ಲಿ ಆದೇಶ ಬರುತ್ತದೆ ಎಂಬುದಕ್ಕೆ ಇದೊಂದು ಉದಾಹರಣೆ. ಖಾಸಗಿತನ ಮೂಲಭೂತ ಹಕ್ಕೆಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಸಾರಿತು. ಆ ಮೊಕದ್ದಮೆ ಹೂಡಿದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ವೃದ್ಧರೊಬ್ಬರು ನ್ಯಾಯಾಲಯದ ಮೆಟ್ಟಿಲು ಹತ್ತಿ ಗಳಿಸಿಕೊಟ್ಟ ಹಕ್ಕನ್ನು ಕಾಪಾಡಿಕೊಳ್ಳಲು ನಮಗೆ ಬೇಕಾಗಿರುವುದು ತಿಂಗಳಿಗೊಮ್ಮೆ ಐದು ನಿಮಿಷ. ಈ ತಿಂಗಳ ಐದು ನಿಮಿಷವನ್ನು ಇವತ್ತೇ ಕೊಡೋಣ. ನಮ್ಮ ಹೆಸರಿನ ಟೋಕನ್‌ಗಳು ಯಾರ್‍ಯಾರ ಕೈಯಲ್ಲಿವೆಯೆಂದು ಮನೆಯವರೆಲ್ಲ ಕೂತು ನೋಡೋಣ.