ಕಣಕ್ಕೆ ಮರಳಿದ ಮೇಯರ್

2017ರ ನವೆಂಬರ್‌ನಲ್ಲಿ ಮಂಗಳೂರಿನಲ್ಲಿ ಇಂಡಿಯನ್ ಕರಾಟೆ ಚಾಂಪಿಯನ್‌ಷಿಪ್ ನಡೆಯಿತು. ಉದ್ಘಾಟನೆಗೆ ಬಂದ ಅಂದಿನ ಮುಖ್ಯಮಂತ್ರಿ ಸಿದ್ದರಾಮಯ್ಯನವರು ವೇದಿಕೆಯ ಮೇಲೆ ಮುಷ್ಟಿ ಬಿಗಿದು ನಿಂತರು. ಎದುರಿಗೆ ಕರಾಟೆಯ ಬಿಳಿ ಉಡುಪಿನಲ್ಲಿದ್ದವರು ನಗರದ ಮೇಯರ್ ಕವಿತಾ ಸನಿಲ್. ತಮಾಷೆಗಾಗಿ ನಡೆದ ಆ ಎರಡು ಪಟ್ಟುಗಳ ಚಿತ್ರ ಮರುದಿನ ದೇಶದ ಪತ್ರಿಕೆಗಳಲ್ಲೆಲ್ಲ ಕಾಣಿಸಿಕೊಂಡಿತು. ಅದೇ ಕೂಟದಲ್ಲಿ ಮೇಯರ್ ನಿಜವಾಗಿಯೂ ಕಾದಾಡಿದ್ದು, ಚಿನ್ನದ ಪದಕ ಗೆದ್ದದ್ದು ಮಾತ್ರ ಅಷ್ಟು ದೂರ ಹೋಗಲಿಲ್ಲ. ಗೆದ್ದ ಪಂದ್ಯಕ್ಕಿಂತ ಆಡದ ಪಂದ್ಯವೇ ಹೆಚ್ಚು ಪ್ರಸಿದ್ಧವಾಯಿತು. ಕರಾಟೆಯಲ್ಲಿ ಹೆಣ್ಣುಮಕ್ಕಳ ಸಾಧನೆ ಎಷ್ಟು ಬೇಗ ಮರೆಗೆ ಸರಿಯುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಕಾದಾಟದ ವಿದ್ಯೆ ತುಳುನಾಡಿಗೆ ಹೊಸದಲ್ಲ. ಕೋಟಿ ಚೆನ್ನಯರ ಗರಡಿಗಳು ಊರೂರಿನಲ್ಲಿವೆ. ಹಬ್ಬದ ಮೆರವಣಿಗೆಗಳಲ್ಲಿ ತಾಲೀಮು ಪ್ರದರ್ಶಿಸುವ ತಂಡಗಳಿವೆ. ಪೋರ್ಚುಗೀಸರಿಗೆ ಸೆಡ್ಡು ಹೊಡೆದ ಉಳ್ಳಾಲದ ಅಬ್ಬಕ್ಕನ ಹೆಸರು ಮಕ್ಕಳಿಗೂ ಗೊತ್ತು. ಆದರೆ ರಾಣಿ ಕತ್ತಿ ಹಿಡಿದ ನಾಡಿನಲ್ಲೂ ಗರಡಿಯ ಅಂಗಸಾಧನೆ ಗಂಡಸರ ಪಾಲಿನದೇ ಆಗಿತ್ತು. ಹುಡುಗಿಯೊಬ್ಬಳು ವಾರಕ್ಕೆ ಮೂರು ದಿನ ಮನೆಯಿಂದ ಹೊರಟು, ಹುಡುಗರ ಜತೆ ಸಾಲಿನಲ್ಲಿ ನಿಂತು ಹೊಡೆತ ಒದೆತಗಳನ್ನು ಕಲಿಯಬಹುದಾದದ್ದು ಕರಾಟೆ ತರಗತಿಗಳು ಬಂದ ಮೇಲೆ.

ಈ ವಿದ್ಯೆಯ ತವರು ಜಪಾನಿನ ದಕ್ಷಿಣಕ್ಕಿರುವ ಒಕಿನಾವಾ ದ್ವೀಪ. ಅಲ್ಲಿನ ಶಾಲಾ ಶಿಕ್ಷಕ ಗಿಚಿನ್ ಫುನಾಕೋಶಿ 1922ರಲ್ಲಿ ಟೋಕಿಯೊದಲ್ಲಿ ಇದನ್ನು ಪ್ರದರ್ಶಿಸಿದ ಬಳಿಕ ಅದು ಜಪಾನಿನ ಮುಖ್ಯ ನಾಡಿನಲ್ಲಿ ಬೇರುಬಿಟ್ಟಿತು. ಮೊದಲು 'ಚೀನಾದ ಕೈ' ಎಂಬ ಅರ್ಥ ಕೊಡುವ ಅಕ್ಷರದಲ್ಲಿ ಬರೆಯುತ್ತಿದ್ದ ಹೆಸರನ್ನು ಮುಂದೆ 'ಬರಿಗೈ' ಎಂಬ ಅರ್ಥದ ಅಕ್ಷರಕ್ಕೆ ಬದಲಿಸಲಾಯಿತು. ಉಚ್ಚಾರ ಮಾತ್ರ ಹಾಗೆಯೇ ಉಳಿಯಿತು. ಬಿಳಿಯಿಂದ ಕಪ್ಪಿನವರೆಗಿನ ಪಟ್ಟಿಗಳ ಪದ್ಧತಿ ಜೂಡೋದಿಂದ ಬಂದ ಎರವಲು. ಭಾರತದಲ್ಲಿ ಇದರ ಹುಚ್ಚು ಹಬ್ಬಿಸಿದ್ದು 1973ರಲ್ಲಿ ತೆರೆಕಂಡ ಬ್ರೂಸ್ ಲೀ ಚಿತ್ರ 'ಎಂಟರ್ ದ ಡ್ರ್ಯಾಗನ್'. ಲೀ ಆಡಿದ್ದು ಚೀನೀ ಪಟ್ಟುಗಳಾದರೂ ನಮ್ಮ ಬೀದಿಯ ಹುಡುಗರ ಬಾಯಲ್ಲಿ ಎಲ್ಲವೂ 'ಕರಾಟೆ'ಯೇ ಆಯಿತು.

ಸ್ಪರ್ಧೆಯಾಗಿ ಕರಾಟೆಗೆ ಎರಡು ಮುಖಗಳು. ಕಾಣದ ಎದುರಾಳಿಯೊಡನೆ ಕ್ರಮಬದ್ಧವಾಗಿ ಪಟ್ಟುಗಳನ್ನು ಪ್ರದರ್ಶಿಸುವುದು 'ಕಾಟಾ'. ಎದುರು ನಿಂತವರೊಡನೆ ಸೆಣಸುವುದು 'ಕುಮಿತೆ'. ಕುಮಿತೆಯಲ್ಲಿ ಒಬ್ಬರಿಗೆ ಕೆಂಪು ಪಟ್ಟಿ, ಇನ್ನೊಬ್ಬರಿಗೆ ನೀಲಿ; ಕಣ ಎಂಟು ಮೀಟರ್ ಉದ್ದ, ಎಂಟು ಮೀಟರ್ ಅಗಲ. ಮುಷ್ಟಿಯ ಹೊಡೆತಕ್ಕೆ ಒಂದು ಅಂಕ, ಎದೆ ಹೊಟ್ಟೆಯ ಭಾಗಕ್ಕೆ ಬಿದ್ದ ಒದೆತಕ್ಕೆ ಎರಡು, ತಲೆಯ ಎತ್ತರಕ್ಕೆ ಕಾಲು ಹಾರಿಸಿದರೆ ಮೂರು. ಆದರೆ ಮಿತಿಮೀರಿ ಬಲ ಹಾಕಿದವರಿಗೆ ದಂಡನೆ ಉಂಟು. ಹೊಡೆಯಬಲ್ಲೆ ಎಂದು ತೋರಿಸಿ, ತಕ್ಕ ಹೊತ್ತಿಗೆ ಕೈ ಹಿಡಿದುಕೊಳ್ಳುವುದರಲ್ಲೇ ಇದರ ಜಾಣ್ಮೆ ಇದೆ. ಹಾಗಿರುವ ಆಟದಲ್ಲಿ ಗಂಡು ಹೆಣ್ಣೆಂಬ ಭೇದಕ್ಕೆ ಹೆಚ್ಚು ಎಡೆ ಇರಬಾರದಿತ್ತು. ಆದರೂ ಇತ್ತು.

ಮೊದಲ ವಿಶ್ವ ಚಾಂಪಿಯನ್‌ಷಿಪ್ 1970ರಲ್ಲಿ ಟೋಕಿಯೊದಲ್ಲಿ ನಡೆದಾಗ ಅದರಲ್ಲಿ ಮಹಿಳೆಯರಿಗೆ ಸ್ಪರ್ಧೆಯೇ ಇರಲಿಲ್ಲ. ಅವರಿಗೆ ಬಾಗಿಲು ತೆರೆದದ್ದು 1980ರ ದಶಕದ ಆರಂಭದಲ್ಲಿ. ತೆರೆದ ಮೇಲೂ ಗಡಿಯಾರ ಬೇರೆಯಾಗಿತ್ತು: ಹಿರಿಯ ಪುರುಷರ ಕುಮಿತೆ ಮೂರು ನಿಮಿಷ, ಮಹಿಳೆಯರದು ಎರಡೇ ನಿಮಿಷ. ಈ ಒಂದು ನಿಮಿಷದ ಅಂತರ ಅಳಿಯಲು 2010ರ ದಶಕದ ಕೊನೆಯ ಭಾಗದವರೆಗೆ ಕಾಯಬೇಕಾಯಿತು. ಏಷ್ಯನ್ ಕ್ರೀಡಾಕೂಟಕ್ಕೆ ಕರಾಟೆ ಸೇರಿದ್ದು 1994ರಲ್ಲಿ, ಹಿರೋಶಿಮಾದಲ್ಲಿ.

ಭಾರತದ ಆಟಗಾರ್ತಿಯ ಪಾಡು ಇನ್ನಷ್ಟು ಕಷ್ಟದ್ದು. ಕ್ರಿಕೆಟ್ಟಿನಂತೆ ಸಂಭಾವನೆಯಿಲ್ಲ, ಅಥ್ಲೆಟಿಕ್ಸ್‌ನಂತೆ ಉದ್ಯೋಗದ ಭರವಸೆಯಿಲ್ಲ. ಶೈಲಿಗೊಂದು ಸಂಘ, ಸಂಘಕ್ಕೊಂದು 'ರಾಷ್ಟ್ರೀಯ' ಚಾಂಪಿಯನ್‌ಷಿಪ್. ಯಾವ ಪದಕಕ್ಕೆ ಎಷ್ಟು ತೂಕ ಎಂದು ತಿಳಿಯುವುದೇ ತೊಡಕು. 2020ರಲ್ಲಂತೂ ವಿಶ್ವ ಕರಾಟೆ ಫೆಡರೇಶನ್ ಭಾರತದ ಕರಾಟೆ ಅಸೋಸಿಯೇಶನ್ನನ್ನು ಸದಸ್ಯತ್ವದಿಂದ ಹೊರಗಿಟ್ಟಿತು. ಆಡಳಿತಗಾರರ ಜಗಳದಲ್ಲಿ ನವೆಯುವವರು ಆಟಗಾರರು. ಈ ನಡುವೆ ಓದು, ಮದುವೆ, ಮಕ್ಕಳು ಎದುರಾದಾಗ ಹುಡುಗಿಯರ ಕಪ್ಪು ಪಟ್ಟಿ ಸದ್ದಿಲ್ಲದೆ ಕಪಾಟು ಸೇರುತ್ತದೆ.

ಕವಿತಾ ಸನಿಲ್ ಅವರ ಗೆಲುವಿಗೆ ಅರ್ಥ ಬರುವುದು ಈ ಹಿನ್ನೆಲೆಯಲ್ಲಿ. ಮೇಯರ್ ಆಗುವ ಮೊದಲೇ ಅವರು ಕಪ್ಪು ಪಟ್ಟಿಯ ಕರಾಟೆಪಟು. ಸಾರ್ವಜನಿಕ ಜೀವನದ ನಡುವೆ ಸ್ಪರ್ಧೆ ಹಿಂದೆ ಬಿದ್ದಿತ್ತು. 2017ರ ಮಾರ್ಚ್‌ನಲ್ಲಿ ಮಹಾನಗರ ಪಾಲಿಕೆಯ ಮೇಯರ್ ಆದರು; ಅವಧಿ ಒಂದು ವರ್ಷ. ಆ ಹುದ್ದೆಯಲ್ಲಿದ್ದಾಗಲೇ, ವರ್ಷಗಳ ವಿರಾಮದ ಬಳಿಕ, ತಮ್ಮದೇ ಊರಿನ ಜನರೆದುರು ಅವರು ಕಣಕ್ಕಿಳಿದರು. ದೀಪ ಬೆಳಗಿ, ಪದಕ ಹಂಚಿ ಮನೆಗೆ ಹೋಗಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಸೋತಿದ್ದರೆ ಮೇಯರ್ ಸೋತರೆಂದು ಊರೆಲ್ಲ ಆಡಿಕೊಳ್ಳುತ್ತಿತ್ತು. ಕರಾಟೆಯ ಕಣದಲ್ಲಿ ಹುದ್ದೆಗೆ ಮೀಸಲಾದ ಅಂಕವಿಲ್ಲ. ಎದುರಿನ ಪಟ್ಟಿ ಕೆಂಪೋ ನೀಲಿಯೋ ಅಷ್ಟೇ. ಆ ಅಪಾಯವನ್ನು ಬೇಕೆಂದೇ ತಂದುಕೊಂಡದ್ದರಲ್ಲಿ ಪದಕಕ್ಕಿಂತ ಹೆಚ್ಚಿನ ಧೈರ್ಯವಿದೆ.

ವಯಸ್ಸಿನ ಮಾತಿಗೂ ಕರಾಟೆಯಲ್ಲಿ ಉತ್ತರವುಂಟು. 2021ರ ಆಗಸ್ಟ್‌ನಲ್ಲಿ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಕರಾಟೆ ಮೊದಲ ಬಾರಿಗೆ ಸ್ಥಾನ ಪಡೆದಾಗ, ಮಹಿಳೆಯರ ಕಾಟಾದಲ್ಲಿ ಜಪಾನಿನ ಕಿಯೊ ಶಿಮಿಜು ಅವರನ್ನು ಹಿಂದಿಕ್ಕಿ ಚಿನ್ನ ಗೆದ್ದವರು ಸ್ಪೇನಿನ ಸಾಂಡ್ರಾ ಸಾಂಚೆಜ್. ಆಗ ಅವರಿಗೆ 39 ವರ್ಷ. ಆದರೆ 2024ರ ಪ್ಯಾರಿಸ್ ಕೂಟದಲ್ಲಿ ಕರಾಟೆಗೆ ಜಾಗ ಸಿಗಲಿಲ್ಲ. ತೆರೆದ ಬಾಗಿಲು ಮತ್ತೆ ಮುಚ್ಚಿತು.

ಇಂದು ಹೆಣ್ಣುಮಕ್ಕಳಿಗೆ ಕರಾಟೆ ಕಲಿಸಬೇಕೆಂಬ ಮಾತಿಗೆ ವಿರೋಧವಿಲ್ಲ. ಚಿತ್ರದುರ್ಗದ ಒನಕೆ ಓಬವ್ವನ ಹೆಸರಿನಲ್ಲಿ ರಾಜ್ಯ ಸರ್ಕಾರವೇ ವಿದ್ಯಾರ್ಥಿನಿಯರಿಗೆ ಆತ್ಮರಕ್ಷಣೆಯ ತರಬೇತಿ ಕೊಡಿಸಿದೆ. ಅದು ಒಳ್ಳೆಯದೇ. ಆದರೆ ಆತ್ಮರಕ್ಷಣೆಯ ಪಾಠ ಕೆಲವು ತಿಂಗಳಲ್ಲಿ ಮುಗಿಯುತ್ತದೆ. ಕ್ರೀಡೆಗೆ ವರ್ಷಗಳು ಬೇಕು. ಭಯದಿಂದ ಕಲಿತ ವಿದ್ಯೆ ಭಯ ಹೋಗುವವರೆಗೆ. ಗೆಲ್ಲುವ ಆಸೆಯಿಂದ ಕಲಿತದ್ದು ಬದುಕಿಡೀ ಜತೆಗಿರುತ್ತದೆ. ನಮ್ಮ ಮನೆಗಳು ಮಗಳಿಗೆ ಮೊದಲನೆಯದನ್ನು ಸಂತೋಷದಿಂದ ಒಪ್ಪುತ್ತವೆ, ಎರಡನೆಯದಕ್ಕೆ ಬಂದಾಗ 'ಇನ್ನು ಸಾಕು' ಎನ್ನುತ್ತವೆ.

ಮಂಗಳೂರಿನ ಮಣ್ಣಗುಡ್ಡದ ಬಳಿ ಮಂಗಳಾ ಕ್ರೀಡಾಂಗಣವಿದೆ. ಊರಿನ ಮಕ್ಕಳು ಓಡಿ ಬೆಳೆಯುವ ಜಾಗ ಅದು. ಅಂಥ ಬಯಲಿಗೆ ಬರುವ ಹುಡುಗಿ ಮುಂದೆ ಮೇಯರ್ ಆಗಬೇಕಿಲ್ಲ, ಮುಖ್ಯಮಂತ್ರಿಯೊಡನೆ ಚಿತ್ರ ತೆಗೆಸಿಕೊಳ್ಳಬೇಕಿಲ್ಲ. ಅವಳು ಆಡಿದ ಪಂದ್ಯ ಅವಳದೇ ಹೆಸರಿನಲ್ಲಿ ಊರಿಗೆ ನೆನಪಿದ್ದರೆ ಸಾಕು.